ಕಾಯಿ

ಅರಸೀಕೆರೆ ಕೊಬ್ಬರಿ ಮಂಡಿಯ ಹಿಂಬದಿ ಕೋಣೆಯಲ್ಲಿ
ಒಂದು ಹಳೇ ಪರದೆ. ಕಪ್ಪು. ಮೇಲೆ ಹಸಿರು ಅಕ್ಷರ.
ಅದಕ್ಕೆ ಬರುವುದು ಪ್ರಶ್ನೆ ಕೇಳುವುದೊಂದೇ:
ಲಾಟು ನಂಬರು?
ಚೀಲ ಎಷ್ಟು?
ತೂಕ?
ದಲ್ಲಾಳಿ ಯಾರು?
ಖಚಿತವೇ?

ಹತ್ತೊಂಬತ್ತು ವರ್ಷದಿಂದ ಚೂಡಾಮಣಿಯವರು
ಕಟಕಟೆಯ ಸಾಕ್ಷಿಯ ಹಾಗೆ
ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ ಬಂದವರು.
ಟೆಂಡರಿನ ದಿನ ಇನ್ನೂರು ಲಾಟು, ಸಾವಿರ ಪ್ರಶ್ನೆ.
ಮುಗಿಯುವಷ್ಟರಲ್ಲಿ ಬಾಣಾವರದ ಪ್ಯಾಸೆಂಜರು
ಹೋಗಿ ಹಳಿ ತಣ್ಣಗಾಗಿರುತ್ತದೆ.

ನಾನು ಹಾಸನದಿಂದ ಬರುವವನು,
ಪ್ರಿಂಟರಿಗೆ ರಿಬ್ಬನ್ ಹಾಕಲು, ಇಲಿ ಕಡಿದ ವೈರು ಸುತ್ತಲು.
‘ಇದರ ಬಾಯಿ ಮುಚ್ಚಿಸೋಕಾಗುತ್ತಾ ಇಮ್ತಿಯಾಜ್?’
‘ಅದಾಗಲ್ಲ ಮೇಡಂ.
ಉತ್ತರ ಕೊಡೋಕೆ ಬೇರೊಬ್ಬನ್ನ ಕೂರಿಸಬಹುದು.’

ಬೇರೊಬ್ಬ ಎಂದರೆ ಒಂದು ಸಣ್ಣ ಉಪಕರಣ.
ಮುಖವಿಲ್ಲ, ಒತ್ತಲು ಗುಂಡಿಯಿಲ್ಲ.
ಬರೆದುಕೊಟ್ಟ ಸಾಲು ಓದಿಕೊಂಡು
ಕೀಲಿಮಣೆಯ ಮುಂದೆ ಕೂತ ಮನುಷ್ಯನ ವೇಷ ಹಾಕುತ್ತದೆ;
ಪರದೆಗೆ ಗುರುತು ಹತ್ತುವುದಿಲ್ಲ.
ಇಂಥ ಮಾತು ಬರುವ ತನಕ ಕಾಯುವುದು,
ಬಂದರೆ ಇಂಥ ಉತ್ತರ ಕಳಿಸುವುದು.
ಕಾಯಿ. ಕಳಿಸು. ಕಾಯಿ. ಕಳಿಸು.
ಮರೆಯದಿರಲೆಂದು ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಗೀಚಿದ್ದೆ.
ಕನ್ನಡಕದ ಮೇಲಿಂದ ಇಣುಕಿ ನಕ್ಕರು ಚೂಡಾಮಣಿ:
‘ಕಾಯಿ ಕಳಿಸು ಅಂತ ಯಾರಿಗೆ ಬರೀತಿದ್ದೀರಿ?
ಅರಸೀಕೆರೆ ತುಂಬ ಅದೇ ಬಿದ್ದಿದೆಯಲ್ರೀ.’

ಮೊದಲ ಸಂಜೆ ಸಾವಿರ ಪ್ರಶ್ನೆಗೆ ಹನ್ನೊಂದು ನಿಮಿಷ.
ಯಾರೂ ಮುಟ್ಟದ ಕೀಲಿಮಣೆಯ ಮುಂದೆ
ಹಸಿರು ಅಕ್ಷರ ತಾವೇ ಸಾಲುಗಟ್ಟಿದ್ದು ಕಂಡು
ಹಮಾಲಿ ದ್ಯಾವಣ್ಣ ಬಾಗಿಲಲ್ಲೇ ನಿಂತ. ‘ಗಾಳಿ ಮೆಟ್ಟಿದೆ.’
ಚೂಡಾಮಣಿಗೆ ರೈಲು ಸಿಕ್ಕಿತು.
ಮರುವಾರ ನನಗೆ ಒಂದು ಡಬ್ಬಿ ನಿಪ್ಪಟ್ಟು.

ಮೂರನೇ ವಾರ ಫೋನು.
ನೂರ ನಲವತ್ತೇಳನೇ ಲಾಟಿಗೆ ಪರದೆ
ನಾನು ಕೇಳಿರದ ಒಂದು ಪ್ರಶ್ನೆ ಕೇಳಿತ್ತು:
ತೇವ ಹೆಚ್ಚಿದೆ. ಆದರೂ ಒಪ್ಪುವಿರಾ?
ನನ್ನವನು ‘ಖಚಿತವೇ’ ಎಂಬ ಮಾತಿಗೆ ಕಾದಿದ್ದ.
ಹತ್ತು ಸೆಕೆಂಡು ಕಾದ. ಅಷ್ಟೇ ಅವನ ತಾಳ್ಮೆ.
ಆಮೇಲೆ, ಕೇಳಿದ್ದು ಏನೆಂದೂ ನೋಡದೆ,
ಮುಂದಿನ ಸಾಲಿನಲ್ಲಿದ್ದುದನ್ನು ಕಳಿಸಿಬಿಟ್ಟ:
ಹೌದು.

ಗಂಡಸಿ ಕಡೆಯ ಆರು ಚೀಲ. ಒಳಗೆ ಬೂಷ್ಟು.

‘ಆ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು,’
ಬೈಯಲಿಲ್ಲ ಅವರು, ಅದೇ ಕಷ್ಟವಾಯಿತು.
‘ಬಂದಾಗ ನಾನು ಎದ್ದು ಹೋಗ್ತೀನಿ.
ಚೀಲದಿಂದ ಎರಡು ಉಂಡೆ ತೆಗೆದು ಒಂದಕ್ಕೊಂದು ಬಡೀತೀನಿ.
ಟಕ್ ಅಂದರೆ ಹೌದು. ದಬ್ ಅಂದರೆ ಇಲ್ಲ.
ಮಳೆಗಾಲದಲ್ಲಿ ಮಾಪಕಕ್ಕೇ ನೆಗಡಿ, ಅದನ್ನ ನಂಬೋಕಾಗಲ್ಲ.’
‘ಟಕ್ಕೂ ಅಲ್ಲ ದಬ್ಬೂ ಅಲ್ಲ ಅಂದರೆ?’
‘ಇನ್ನೊಂದು ಸಲ ಬಡೀತೀನಿ.’

ಅವನಿಗೆ ಮೂರನೆಯದೊಂದು ವಿದ್ಯೆ ಬರುತ್ತಿತ್ತು,
ನಾನೇ ಬಳಸಿರಲಿಲ್ಲ:
ಕೀಲಿಮಣೆಯನ್ನು ಮನುಷ್ಯರ ಕೈಗೆ ಕೊಟ್ಟು
ತಾನು ಸುಮ್ಮನೆ ಪಕ್ಕಕ್ಕೆ ಸರಿಯುವುದು.
ಆ ರಾತ್ರಿ ಒಂದೇ ಸಾಲು ಸೇರಿಸಿದೆ.
ಈ ಮಾತು ಬಂದರೆ ಕಳಿಸಬೇಡ. ಬಿಟ್ಟುಕೊಡು.
ಹತ್ತು ಸೆಕೆಂಡಿನ ಗಡುವನ್ನೂ ಅಳಿಸಿದೆ.
ಕಾಯಿ, ಎಷ್ಟು ಹೊತ್ತಾದರೂ.
ಅಟ್ಟದ ಮೇಲಿನ ಕಾಯಿ ಹನ್ನೊಂದು ತಿಂಗಳು
ತನ್ನ ನೀರನ್ನು ತಾನೇ ಕುಡಿದು ಮುಗಿಸುವುದಿಲ್ಲವೇ.

ನಿನ್ನೆ ಮತ್ತೆ ಬಂತು ಆ ಪ್ರಶ್ನೆ.
ಅಕ್ಷರದ ಓಟ ನಿಂತಿತು. ಮೂಲೆಯಲ್ಲಿ
ಹಸಿರು ಚೌಕ ಒಂದೇ ಮಿಣುಕುತ್ತಿತ್ತು.
ಚೂಡಾಮಣಿ ಸೆರಗು ಸಿಕ್ಕಿಸಿಕೊಂಡು
ಚೀಲಗಳ ನಡುವಿನ ಕತ್ತಲೆಗೆ ನಡೆದರು.
ಸಿಗ್ನಲ್ಲಿನ ಆಚೆ ಪ್ಯಾಸೆಂಜರು ಕೂಗಿತು.
ನಾನು, ಅವನು, ಇಬ್ಬರೂ ಕೈಕಟ್ಟಿ ಕೂತೆವು.

ಒಳಗಿನಿಂದ ಒಂದು ಸದ್ದು.
ಟಕ್ಕೋ ದಬ್ಬೋ ನನಗೆ ತಿಳಿಯಲಿಲ್ಲ.
ಅವರು ಇನ್ನೊಂದು ಸಲ ಬಡಿದರು.